ಕಾಯ್ತಾ ಇಲ್ಲ

ಚಾಕು ಕೈಯಿಂದ ಜಾರಿ ಬಿತ್ತು. ವರ್ನೆಲ್ ಬಗ್ಗಿ ಎತ್ತಿಕೊಂಡಳು. ತೊಳೆದಳು. ಮೀನಿನ ಬೆನ್ನಿಗೆ ಇಟ್ಟಳು. ಮತ್ತೆ ಬಿತ್ತು.

ಪಕ್ಕದಲ್ಲಿ ನಿಂತಿದ್ದವಳು ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬೆಲ್ಟಿನ ಮೇಲೆ ಮೀನು ಬರುತ್ತಲೇ ಇತ್ತು. ಅದಕ್ಕೆ ಯಾರ ಕೈ ಹೋದರೇನು.

ಮಿಸಿಸಿಪ್ಪಿಯ ಡೆಲ್ಟಾ ಸೀಮೆಯಲ್ಲಿ ಟಾಲ್ಬರ್ಟ್ ಅನ್ನೋ ಊರು. ಅಜ್ಜಿಯರು ಹತ್ತಿ ಬಿಡಿಸಿದ ಹೊಲಗಳನ್ನೇ ಅಗೆದು ಕೆರೆ ಮಾಡಿ ಅದರಲ್ಲಿ ಕ್ಯಾಟ್‌ಫಿಶ್ ಸಾಕಿದ್ದರು. ಹೊಲದ ಒಡೆಯರ ಮೊಮ್ಮಕ್ಕಳು ಕೆರೆಯ ಒಡೆಯರಾದರು. ಹತ್ತಿ ಬಿಡಿಸಿದವರ ಮೊಮ್ಮಕ್ಕಳು ಮೀನು ಕೊಯ್ಯುವವರಾದರು. ಆಗ ಬಿಸಿಲಲ್ಲಿ ಬೆನ್ನು ಬೇಯುತ್ತಿತ್ತು, ಈಗ ಐಸಿನಲ್ಲಿ ಕೈ ಸೆಡೆಯುತ್ತಿತ್ತು. ಬದಲಾಗಿದ್ದು ಇಷ್ಟೇ. ಒಂದೇ ಜಾಗದಲ್ಲಿ ನಿಂತು, ರಬ್ಬರ್ ಬೂಟಿನೊಳಗೆ ನೀರು ತುಂಬಿಕೊಂಡು, ಉಚ್ಚೆಗೆ ಹೋಗಬೇಕಾದರೂ ಕೈ ಎತ್ತಿ ಕೇಳಬೇಕು. ವರ್ನೆಲ್ ಟಬ್ಸ್ ಮದುವೆಗೆ ಮುಂಚಿನಿಂದ ಅಲ್ಲಿ ನಿಂತವಳು. ಗಂಡ ಬಂದ, ಹೋದ. ಅವಳು ಅಲ್ಲೇ ನಿಂತಿದ್ದಳು.

ಆ ಕಾರ್ಖಾನೆಯಲ್ಲಿ ಕೈ ಹೋಗದ ಹೆಂಗಸೇ ಇಲ್ಲ. ಅದಕ್ಕೆ ಅವರು ಮೀನುಗೈ ಅಂತಾರೆ. ಬೆರಳು ಜೋಮು ಹಿಡಿದು, ಮಣಿಕಟ್ಟು ಊದಿ, ಬಾಚಣಿಗೆ ಹಿಡಿಯೋಕೂ ಆಗದ ಹಾಗೆ ಆಗುತ್ತೆ. ಕಾರ್ಖಾನೆಯ ನರ್ಸು ಮುಲಾಮು ಸವರಿ, ಪಟ್ಟಿ ಸುತ್ತಿ ವಾಪಸ್ ಕಳಿಸುತ್ತಾಳೆ. ವರ್ನೆಲ್‌ಗೂ ಸವರಿದಳು. ಆದರೆ ವರ್ನೆಲ್ ಕೈಗೆ ಜೋಮೂ ಇರಲಿಲ್ಲ, ನೋವೂ ಇರಲಿಲ್ಲ. ಸುಮ್ಮನೆ ಬಲ ಇರಲಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲಿ ಗುಳಿ ಬಿದ್ದಿತ್ತು. ಅದನ್ನು ನರ್ಸಿಗೆ ತೋರಿಸಿದಳು. ಮೀನುಗೈ ಅಂದಳು ನರ್ಸು.

ಆಮೇಲೆ ನಾಲಿಗೆ ತೊಡರತೊಡಗಿತು. ಒಂದು ಬೆಳಿಗ್ಗೆ ಮೇಸ್ತ್ರಿ ರಸೆಲ್ ಏನೋ ಕೇಳಿದ. ಅವಳು ಉತ್ತರ ಕೊಟ್ಟಳು. ಅವನು ಹತ್ತಿರ ಬಂದು ಮೂಸಿದ.

"ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀಯಾ?"

ಅವಳು ಮೌಂಟ್ ನೆಬೋ ಚರ್ಚಿನಲ್ಲಿ ಬಾಗಿಲು ಕಾಯುವ ಸೇವೆ ಮಾಡುವವಳು. ಭಾನುವಾರ ಬಿಳಿ ಬಟ್ಟೆ, ಬಿಳಿ ಕೈಗವಸು ತೊಟ್ಟು ಜನರನ್ನು ಬೆಂಚಿಗೆ ಕರೆದು ಕೂರಿಸುವವಳು. ಹೆಂಡದ ವಾಸನೆ ಅವಳಿಗೆ ಗೊತ್ತಿದ್ದರೆ ಅದು ಗಂಡನಿಂದ. ರಸೆಲ್ ಎಲ್ಲರ ಮುಂದೆ ಅವಳ ಬಾಯಿ ತೆರೆಸಿದ. ನೆಲದ ಮೇಲಿನ ಹಳದಿ ಗೆರೆ ತೋರಿಸಿ ಇದರ ಮೇಲೆ ನಡಿ ಅಂದ. ಅವಳು ನಡೆದಳು. ಎಡಗಾಲಿನ ಮುಂಗಾಲು ಮೇಲಕ್ಕೇಳಲಿಲ್ಲ. ಮೀನಿನ ಕರುಳು ಹರಿಯುವ ಚರಂಡಿಯ ಪಕ್ಕ ಬೋರಲಾಗಿ ಬಿದ್ದಳು.

ಸಾಲಿನ ಹೆಂಗಸರು ನಕ್ಕರು. ಅವರು ಕೆಟ್ಟವರಲ್ಲ. ನಗದಿದ್ದರೆ ಮುಂದಿನ ಸರದಿ ತಮ್ಮದು ಅಂತ ಅವರಿಗೆ ಗೊತ್ತಿತ್ತು. ವರ್ನೆಲ್‌ಳ ಅಕ್ಕ ಮೊಜೆಲ್ ಚರ್ಮ ಸುಲಿಯುವ ಯಂತ್ರದ ಹತ್ತಿರ ನಿಂತಿದ್ದಳು. ಅವಳು ನಗಲಿಲ್ಲ. ಅಲ್ಲಿಂದ ಅಲುಗಲೂ ಇಲ್ಲ. ಆಮೇಲೆ ಒಂದು ಲೋಟ ಕೊಟ್ಟು ಉಚ್ಚೆ ಹುಯ್ಯಿ ಅಂದರು. ಆಫೀಸಿನ ಹೆಂಗಸೊಬ್ಬಳು ಎದುರಿಗೇ ನಿಂತು ನೋಡುತ್ತಿದ್ದಳು. ವರ್ನೆಲ್ ಬೆರಳಿಗೆ ಪ್ಯಾಂಟಿನ ಗುಂಡಿ ಬಿಚ್ಚಲಾಗಲಿಲ್ಲ. ಆ ಹೆಂಗಸೇ ಬಿಚ್ಚಿದಳು, ಮುಖ ಸಿಂಡರಿಸಿಕೊಂಡು.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಮನೆಗೆ ಕಳಿಸಿದರು. ಕುಡಿದಿದ್ದರೆ ತಪ್ಪು, ಕುಡಿದಿರದಿದ್ದರೆ ಅಪಾಯ. ಹೇಗಾದರೂ ಕೆಲಸ ಹೋಗಬೇಕಿತ್ತು, ಹೋಯಿತು.

*

ಜ್ಯಾಕ್ಸನ್ ಪಟ್ಟಣದ ದೊಡ್ಡಾಸ್ಪತ್ರೆಗೆ ಮೊಜೆಲ್ ಕಾರು ಓಡಿಸಿಕೊಂಡು ಹೋದಳು. ಬಡವರನ್ನು ನೋಡುವ ದಿನ ಅಂತ ಒಂದಿತ್ತು. ಅವತ್ತು ಸೂಜಿ ಚುಚ್ಚಿ ಕರೆಂಟು ಹಾಯಿಸಿ ನೋಡಿದರು. ಡಾಕ್ಟರು ಚಿಕ್ಕ ವಯಸ್ಸಿನವಳು. ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಬಿಡಿಸಿ ಹೇಳಿದಳು. ಮಿದುಳಿನಿಂದ ಮಾಂಸಕ್ಕೆ ಹೋಗುವ ನರಗಳು ಒಂದೊಂದೇ ಸಾಯುತ್ತವೆ. ಕೈ, ಕಾಲು, ನಾಲಿಗೆ, ಗಂಟಲು. ಕೊನೆಗೆ ಉಸಿರು. ಬುದ್ಧಿ ಮಾತ್ರ ಹೆಚ್ಚಿನವರಿಗೆ ಹಾಗೇ ಇರುತ್ತೆ. ಔಷಧ ಇಲ್ಲ ಅನ್ನುವಷ್ಟೇ ಇದೆ.

ವರ್ನೆಲ್ ತಲೆಯಾಡಿಸಿದಳು. ಯಾರಿಗೋ ಹೇಳುತ್ತಿದ್ದಾರೆ ಅನ್ನಿಸಿತು.

ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದಳು. ಇಂಥ ಕಾಯಿಲೆಗೆ ಸರ್ಕಾರದಲ್ಲಿ ಬೇಗದ ಸಾಲು ಅಂತ ಇದೆ. ದುಡಿಯಲಾಗದವರಿಗೆ ಕೊಡುವ ಹಣ, ಆಸ್ಪತ್ರೆಯ ಖರ್ಚಿಗೆ ಸರ್ಕಾರ ಕೊಡುವ ಕಾರ್ಡು, ಎಲ್ಲಕ್ಕೂ ಬೇರೆಯವರು ವರ್ಷಗಟ್ಟಲೆ ಕಾಯುತ್ತಾರೆ. ನಿಮ್ಮನ್ನು ಕಾಯಿಸೋದಿಲ್ಲ. ಕಾಯಿಲೆಯ ಹೆಸರು ಹೇಳಿದರೆ ಸಾಕು, ನಿಮ್ಮ ಫೈಲು ಎಲ್ಲದರ ಮೇಲೆ ಬರುತ್ತೆ. ಆ ಸಾಲಿಗೆ ಸರ್ಕಾರ ಇಟ್ಟಿದ್ದ ಹೆಸರಿನಲ್ಲಿ ಕರುಣೆ ಅನ್ನುವ ಮಾತೂ ಇತ್ತು.

"ಹೆಸರು ನೆನಪಿರಲಿ. ಎ, ಎಲ್, ಎಸ್. ಮೂರೇ ಅಕ್ಷರ," ಅಂದಳು ಡಾಕ್ಟರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಅರ್ಜಿಯ ವಿವರ ಬರೆದುಕೊಳ್ಳಲು ಸರ್ಕಾರದ ಆ ಕಚೇರಿಯಿಂದ ಫೋನ್ ಬಂದಾಗ ಮೊಜೆಲ್ ಕಾರ್ಖಾನೆಯಲ್ಲಿದ್ದಳು. ಅರ್ಜಿ ಹಾಕಿದವರೇ ಮಾತಾಡಬೇಕು ಅಂತ ನಿಯಮ. ಆ ಕಡೆಯ ಹೆಂಗಸಿನ ದನಿ ಸಕ್ಕರೆ. ಮಿಸ್ ಪೆಟಿಗ್ರೂ ಅಂತ ಹೆಸರು ಹೇಳಿಕೊಂಡಳು. ದನಿ ಕೇಳಿದರೇ ಗೊತ್ತಾಗುತ್ತಿತ್ತು, ನಮ್ಮವಳೇ, ಕಪ್ಪು ಹೆಂಗಸು, ಯಾವುದೋ ಚರ್ಚಿನಲ್ಲಿ ಹಾಡುವವಳು. ಹೇಗಿದ್ದೀರಿ ಮಿಸ್ ವರ್ನೆಲ್ ಅಂತ ಶುರು ಮಾಡಿದಳು.

ಅದಕ್ಕೆ ಆ ಸೀಮೆಯಲ್ಲಿ ಒಂದೇ ಉತ್ತರ. ಮನೆ ಸುಟ್ಟಿರಲಿ, ಹೆಣ ಒಳಗಿರಲಿ, ಹೇಗಿದ್ದೀ ಅಂದರೆ ದೇವರ ಕೃಪೆಯಲ್ಲಿದ್ದೀನಿ ಅನ್ನಬೇಕು. ಅಕ್ಕತಂಗಿಯರಿಗೆ ತಾಯಿ ಅದನ್ನು ಹೊಡೆದು ಕಲಿಸಿದ್ದಳು. ಹೊರಗಿನವರ ಮುಂದೆ ನೋವು ಬಿಚ್ಚಬೇಡಿ, ಬಿಚ್ಚಿದರೆ ಅದಕ್ಕೂ ಬೆಲೆ ಕಟ್ತಾರೆ ಅಂತ. ವರ್ನೆಲ್ ತೊದಲುತ್ತಾ ಕೃಪೆಯಲ್ಲಿದ್ದೀನಿ ಅಂದಳು.

ಕಾಯಿಲೆ ಯಾವುದು ಅಂತ ಕೇಳಿದಳು ಪೆಟಿಗ್ರೂ.

ಆ ಮೂರು ಅಕ್ಷರ ಒಲೆಯ ಪಕ್ಕ ಗೋಡೆಗೆ ಅಂಟಿಸಿದ ಚೀಟಿಯಲ್ಲಿತ್ತು. ವರ್ನೆಲ್ ಅದನ್ನೇ ನೋಡುತ್ತಿದ್ದಳು. ಆದರೆ ಆ ಕಾಯಿಲೆ ಮೊದಲು ತಿಂದಿದ್ದೇ ಆ ಅಕ್ಷರಗಳನ್ನು. ಲಕಾರಕ್ಕೆ ನಾಲಿಗೆ ಮೇಲಕ್ಕೇಳಬೇಕು, ಏಳಲಿಲ್ಲ. ಸಕಾರಕ್ಕೆ ಹಲ್ಲಿಗೆ ತಾಗಬೇಕು, ತಾಗಲಿಲ್ಲ. ತನ್ನ ಹೆಸರನ್ನು ತಾನೇ ನುಂಗುವ ಕಾಯಿಲೆ. ಇನ್ನೊಂದು ಸಲ ಹೇಳಿ ಅಂದಳು ಪೆಟಿಗ್ರೂ. ವರ್ನೆಲ್ ಇನ್ನೊಂದು ಸಲ ಹೇಳಿದಳು.

ಆ ಕಡೆ ದನಿ ಸಣ್ಣದಾಯಿತು. "ಏಡ್ಸಾ ಅಮ್ಮ?"

ವರ್ನೆಲ್‌ಗೆ ಮೈಯೆಲ್ಲ ಬಿಸಿಯಾಯಿತು. ಬಿಳಿ ಕೈಗವಸು, ಮೌಂಟ್ ನೆಬೋದ ಬೆಂಚುಗಳು, ಅಲ್ಲಿ ಕೂತವರ ತಲೆಗಳು ತಿರುಗೋದು ಎಲ್ಲ ಕಣ್ಣಿಗೆ ಬಂತು. ಅಲ್ಲ, ಅಲ್ಲ ಅನ್ನಲು ನೋಡಿದಳು. ನಾಲಿಗೆಗೆ ಸಿಕ್ಕಿದ್ದು ಒಂದೇ ಮಾತು.

"ನರ."

"ಓ, ನರಾನಾ. ನಮ್ಮಮ್ಮಂಗೂ ನರಾನೇ ಕಣಮ್ಮ. ಏನ್ಮಾಡೋದು, ಹೆಣ್ಣು ಜನ್ಮ."

ಆ ಊರುಗಳಲ್ಲಿ ನರ ಅಂದರೆ ಬೇರೆ. ಗಂಡ ಬಿಟ್ಟು ಹೋದವಳಿಗೆ ನರ. ಮಗ ಜೈಲಿಗೆ ಹೋದವಳಿಗೆ ನರ. ಎದೆ ಡವಡವ ಅಂದರೆ, ನಿದ್ದೆ ಹತ್ತದಿದ್ದರೆ, ಪಾತ್ರೆ ತೊಳೆಯುತ್ತಾ ಸುಮ್ಮನೆ ಅಳು ಬಂದರೆ, ಅದಕ್ಕೆಲ್ಲ ನರದ ತೊಂದರೆ ಅಂತಲೇ ಹೇಳೋದು. ಪೆಟಿಗ್ರೂ ಅದನ್ನೇ ಬರೆದುಕೊಂಡಳು. ಯಾವ ಡಾಕ್ಟರು ಅಂತ ಕೇಳಿದಳು. ಜ್ಯಾಕ್ಸನ್ ಅನ್ನೋದೂ ವರ್ನೆಲ್ ಬಾಯಲ್ಲಿ ಮುದ್ದೆಯಾಯಿತು. ಟಾಲ್ಬರ್ಟ್ ಕ್ಲಿನಿಕ್‌ನವರಾ ಅಂತ ಪೆಟಿಗ್ರೂ ತಾನೇ ಕೇಳಿದಳು. ವರ್ನೆಲ್ ಅಲ್ಲಿ ರಕ್ತದೊತ್ತಡದ ಮಾತ್ರೆ ತರುತ್ತಿದ್ದದ್ದು ನಿಜ. ಸಾಕಾಗಿ ಹೂಂ ಅಂದಳು.

ಒಳ್ಳೆಯ ಹೆಂಗಸು. ಫೋನ್ ಇಡುವಾಗ ನಿಮಗಾಗಿ ಪ್ರಾರ್ಥಿಸುತ್ತೀನಿ ಅಂದಳು. ಆ ಒಳ್ಳೆತನಕ್ಕೆ ಬೆಂಕಿ ಹಾಕ.

*

ನರ ಅಂದಿದ್ದಕ್ಕೆ ಕಚೇರಿಯವರು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಟಯರ್ ಅಂಗಡಿಯ ಹಿಂದೆ ಬಾಡಿಗೆ ಕೋಣೆ. ಅಕ್ಕತಂಗಿಯರಿಗೆ ಆಗಲೂ ಅರ್ಥವಾಗಲಿಲ್ಲ. ಸರ್ಕಾರ ಯಾವ ಡಾಕ್ಟರ ಹತ್ತಿರ ಹೋಗು ಅಂದರೆ ಅವರ ಹತ್ತಿರ ಹೋಗಬೇಕು, ಅಷ್ಟೇ.

ಮೊಜೆಲ್ ತಂಗಿಗೆ ಚರ್ಚಿನ ಬಿಳಿ ಬಟ್ಟೆ ಉಡಿಸಿದಳು. ಕೂದಲಿಗೆ ಎಣ್ಣೆ ಹಚ್ಚಿ ಹೆಣೆದಳು. ತುಟಿಗೆ ಬಣ್ಣ ಹಚ್ಚಿದಳು. ಕೈಗವಸಿನ ಒಂದೊಂದೇ ಬೆರಳಿಗೆ ವರ್ನೆಲ್‌ಳ ಒಂದೊಂದು ಬೆರಳನ್ನು ತೂರಿಸಿದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ನಗುವವರು ನಗಲಿ. ಆ ಊರಿನ ಕಪ್ಪು ಹೆಂಗಸರು ಸರ್ಕಾರದ ಬಾಗಿಲಿಗೆ ಮನೆಬಟ್ಟೆಯಲ್ಲಿ ಹೋಗುವವರಲ್ಲ. ಕೊಳಕಾಗಿ ಹೋದರೆ ನಾಯಿಯನ್ನು ಅಟ್ಟಿದ ಹಾಗೆ ಅಟ್ಟುತ್ತಾರೆ ಅಂತ ಮೂರು ತಲೆಮಾರಿನ ಅನುಭವ.

ಡಾಕ್ಟರು ಬಿಳಿಯ, ವಯಸ್ಸಾದವನು. ಹೇಗಿದ್ದೀರಿ ಅಂದ. ಕೃಪೆಯಲ್ಲಿದ್ದೀನಿ ಅಂದಳು. ಕುರ್ಚಿ, ನಿಂಬೆಹಣ್ಣು, ರೈಲು ಅಂತ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಏನು ಹೇಳಿದೆ ಅಂತ ಕೇಳಿದ. ಅವಳು ಮೂರನ್ನೂ ಹೇಳಿದಳು, ಅವನಿಗೆ ತಿಳಿಯಿತೋ ಇಲ್ಲವೋ. ಅಳು ಬರುತ್ತಾ ಅಂದ. ಆಗ ಅವಳಿಗೆ ನಗು ಬಂತು.

ಅದು ನಗುವಲ್ಲ. ಆ ಕಾಯಿಲೆಯಲ್ಲಿ ಹಾಗಾಗುತ್ತೆ. ಅಳಬೇಕು ಅನ್ನಿಸಿದಾಗ ಬಾಯಿ ತಾನಾಗಿ ನಗುತ್ತೆ, ನಿಲ್ಲಿಸೋಕೆ ಆಗಲ್ಲ. ಅವಳು ಕೈಗವಸಿನ ಕೈಯನ್ನು ಬಾಯಿಗೆ ಒಯ್ಯಲು ನೋಡಿದಳು. ಕೈ ಅರ್ಧಕ್ಕೇ ನಿಂತಿತು. ನಗುತ್ತಲೇ ಇದ್ದಳು. ಡಾಕ್ಟರೂ ಸೌಜನ್ಯಕ್ಕೆ ನಕ್ಕ. ಕೈಗವಸು ತೆಗೆಯಿರಿ ಅನ್ನಲಿಲ್ಲ.

ಉತ್ತರ ಬಂದಾಗ ಮೊಜೆಲ್ ಜಗಲಿಯ ಮೇಲೆ ಕೂತು ಓದಿದಳು. ಶಿಸ್ತಾಗಿ ಬಟ್ಟೆ ತೊಟ್ಟ ಹೆಂಗಸು. ಉಲ್ಲಾಸದ ಸ್ವಭಾವ. ನೆನಪು ಚೆನ್ನಾಗಿದೆ. ತಾನು ಚೆನ್ನಾಗಿದ್ದೇನೆಂದು ತಾನೇ ಹೇಳುತ್ತಾಳೆ. ಕೂತು ಮಾಡುವ ಹಗುರ ಕೆಲಸ ಮಾಡಬಲ್ಲಳು. ಅರ್ಜಿ ತಿರಸ್ಕರಿಸಿದೆ.

"ಕೂತು ಮಾಡೋ ಕೆಲಸವಂತೆ ಕಣೆ," ಅಂದಳು ಮೊಜೆಲ್. "ಈ ಊರಲ್ಲಿ ಕೂತು ಕೆಲಸ ಮಾಡೋನು ಜಡ್ಜ್ ಒಬ್ಬನೇ. ಅವನ ಕುರ್ಚಿ ಕೊಡಿಸ್ತಾರೇನೋ ಕೇಳೋಣ."

ವರ್ನೆಲ್‌ಗೆ ಮತ್ತೆ ಆ ನಗು ಬಂತು. ಈ ಸಲ ಅದರಲ್ಲಿ ನಿಜವಾದ ನಗುವೂ ಸ್ವಲ್ಪ ಇತ್ತು. ಇಬ್ಬರೂ ನಕ್ಕರು. ಆಮೇಲೆ ಮೊಜೆಲ್, ಕಾಯಿಲೆಯ ಹೆಸರು ಅವರ ಹತ್ತಿರ ಇದ್ದೇ ಇದೆ ಅಂದುಕೊಂಡು, ಬರೀ ಮೇಲ್ಮನವಿ ಕಳಿಸಿದಳು. ಅದು ಹೋಗಿ ಸಾಮಾನ್ಯದ ಸಾಲಿನ ಬಾಲಕ್ಕೆ ಸೇರಿಕೊಂಡಿತು.

ಚಳಿಗಾಲ ಬಂತು, ಹೋಯಿತು. ವರ್ನೆಲ್‌ಗೆ ಅದರ ಬಗ್ಗೆ ಹೇಳುವಂಥದ್ದು ಏನೂ ಇರಲಿಲ್ಲ. ಮೊದಮೊದಲು ಒಂದೊಂದು ಹೋದಾಗಲೂ ಅಳುತ್ತಿದ್ದಳು. ಚಮಚ ಎತ್ತೋದು ಹೋಯಿತು. ನಿಲ್ಲೋದು ಹೋಯಿತು. ಆಮೇಲೆ ಅಳು ನಿಂತಿತು. ಹೋಗಿದ್ದು ಹೋಯಿತು. ಅಕ್ಕ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ಬಾಯಿಗಿಡುತ್ತಿದ್ದಳು. ಅದೂ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿ ಕೆಮ್ಮಿ ಕಣ್ಣು ಮೇಲಾದಾಗ ಗಂಜಿಗೆ ಇಳಿದರು. ಮೊಜೆಲ್ ಮೀನಿನ ವಾಸನೆಯ ಕೈಯಲ್ಲೇ ಅವಳನ್ನು ಎತ್ತುತ್ತಿದ್ದಳು, ಒರೆಸುತ್ತಿದ್ದಳು, ಕುಂಡೆ ತೊಳೆಯುತ್ತಿದ್ದಳು. ಮೊಜೆಲ್ ಕೈಗೂ ಮೀನುಗೈ ಇತ್ತು. ಒಮ್ಮೆ ಸ್ನಾನದ ತೊಟ್ಟಿಯಲ್ಲಿ ತಂಗಿಯ ಕಂಕುಳಿಂದ ಅವಳ ಕೈ ಜಾರಿತು. ಇಬ್ಬರೂ ತೊಟ್ಟಿಯಲ್ಲೇ ಬಿದ್ದು, ಎದ್ದೇಳಲಾಗದೆ, ನೀರು ತಣ್ಣಗಾಗುವವರೆಗೂ ಹಾಗೇ ಕೂತಿದ್ದರು. ಆಗಲೂ ವರ್ನೆಲ್‌ಗೆ ಏನೂ ಅನ್ನಿಸಲಿಲ್ಲ. ನೀರು ತಣ್ಣಗಾಯಿತು ಅಂತ ಮಾತ್ರ ಅನ್ನಿಸಿತು.

ಮಲಗಿದರೆ ಉಸಿರು ಕಟ್ಟುತ್ತಿತ್ತು. ಚರ್ಚಿನವರು ಒರಗುಕುರ್ಚಿ ತಂದುಕೊಟ್ಟರು. ಅದರಲ್ಲೇ ಕೂತು ನಿದ್ದೆ. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು. ಜ್ಯಾಕ್ಸನ್ ಆಸ್ಪತ್ರೆಯಲ್ಲಿ ಕೊಳವೆ ಊದಿಸಿ ನೋಡಿದರು. ಎದೆಯ ಬಲ ಅರ್ಧಕ್ಕಿಂತ ಕೆಳಗಿಳಿದಿತ್ತು. ಮೂಗಿಗೆ ಮುಸುಕು ಕಟ್ಟಿ ಗಾಳಿ ತಳ್ಳುವ ಯಂತ್ರ ಬೇಕು, ಬೇಗ ಬೇಕು ಅಂದಳು ಡಾಕ್ಟರು. ಯಂತ್ರದ ಕಂಪನಿಯವರು ಕಾರ್ಡ್ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ತರೋದಿಲ್ಲ.

ಮುಂದಿನ ಮೇಜಿನಲ್ಲಿ ಕೂತಿದ್ದ ನರ್ಸು ಇವಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ನಿಮಗೆ ಕಾರ್ಡ್ ಯಾವತ್ತೋ ಬಂದಿರಬೇಕಿತ್ತಲ್ಲ ಅಂದಳು. ಅಲ್ಲೇ ಕಚೇರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಕಿವಿಗಿಟ್ಟುಕೊಂಡಿದ್ದು, ಕೆಳಗಿಟ್ಟು, ಮೊಜೆಲ್ ಮುಖ ನೋಡಿದಳು.

"ಅವರ ಹತ್ರ ಮನಸ್ಸಿನ ಕಾಯಿಲೆ ಅಂತಿದೆ. ನೀವು ನರ ಅಂದ್ರಾ?"

ಮೊಜೆಲ್ ತಂಗಿಯ ಕಡೆ ತಿರುಗಿದಳು. ವರ್ನೆಲ್ ಕಣ್ಣು ಮುಚ್ಚಿದಳು. ಹೌದು.

ಅಷ್ಟೇ ಆಗಿತ್ತು. ಒಂದು ಮಾತು. ಆ ಮಾತು ಅಲ್ಲ, ಈ ಮಾತು. ಇಡೀ ಚಳಿಗಾಲ ಆ ಒಂದು ಮಾತಿನ ಕೆಳಗೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಯ ಕಾಗದಗಳನ್ನು ನಾನು ಕಳಿಸುತ್ತೀನಿ, ಆದರೆ ಬರೀ ಕಳಿಸಿದರೆ ಕಾಗದದ ಗುಡ್ಡ ಸೇರುತ್ತೆ, ನೀವೇ ಹೋಗಿ ಕಿಟಕಿ ಮುಂದೆ ಕೂತುಕೊಳ್ಳಿ ಅಂದಳು ನರ್ಸು. ಕಾರಿನಲ್ಲಿ ಮೊಜೆಲ್ ಬೈಯುತ್ತಾಳೆ ಅಂತ ವರ್ನೆಲ್ ಕಾದಳು. ಫೋನಿನಲ್ಲಿ ಏಡ್ಸಾ ಅಂದಿದ್ದನ್ನು ತೊದಲಿ ತೊದಲಿ ಹೇಳಿದಳು. ಮೊಜೆಲ್ ಬೈಯಲಿಲ್ಲ. ದಾರಿಯುದ್ದಕ್ಕೂ ಮೀನಿನ ಕೆರೆಗಳು ಹೊಳೆಯುತ್ತಿದ್ದವು.

*

ಕಚೇರಿಗೆ ಹೋಗುವ ಬೆಳಿಗ್ಗೆ ಮೊಜೆಲ್ ಬಿಳಿ ಬಟ್ಟೆ ಇಸ್ತ್ರಿ ಮಾಡಿ ತಂದಳು. ಮೇಲೆ ಕೈಗವಸು ಇಟ್ಟಿದ್ದಳು.

ವರ್ನೆಲ್ ತಲೆ ಅಲ್ಲಾಡಿಸಿದಳು.

"ಯಾಕೆ? ಕೊಳೆಯಾಗಿದೆಯಾ? ನಿನ್ನೆ ಒಗೆದಿದ್ದು ಕಣೆ."

ಮತ್ತೆ ಅಲ್ಲಾಡಿಸಿದಳು. ಮೊಜೆಲ್ ಅಂಗಿ ತೋಳಿಗೆ ಅವಳ ಕೈ ತೂರಿಸಲು ಹೋದಳು. ವರ್ನೆಲ್‌ಗೆ ಕೈ ಎಳೆದುಕೊಳ್ಳುವ ಬಲ ಇರಲಿಲ್ಲ. ಗದ್ದವನ್ನು ಎದೆಗೆ ಒತ್ತಿ, ಕತ್ತು ಬಿಗಿ ಹಿಡಿದಳು. ಮೈಯಲ್ಲಿ ಬಿಗಿ ಹಿಡಿಯಲು ಉಳಿದಿದ್ದ ಜಾಗ ಅದೊಂದೇ.

"ಈ ನೈಟಿಯಲ್ಲೇ ಹೋಗ್ತೀಯಾ? ಜೊಲ್ಲು ಸುರಿಸ್ಕೊಂಡು? ಅಮ್ಮ ಬದುಕಿದ್ದಿದ್ರೆ ಏನಂತಿದ್ಲು?"

ವರ್ನೆಲ್ ಅಕ್ಕನನ್ನು ನೋಡಿದಳು. ಮೊಜೆಲ್ ಬಿಳಿ ಬಟ್ಟೆಯನ್ನು ಮಡಚಿದಳು. ಮಡಚಿದ್ದನ್ನೇ ಮತ್ತೆ ಮಡಚಿದಳು. ಆಮೇಲೆ ಜೊಲ್ಲು ಒರೆಸುವ ಟವಲನ್ನು ತಂಗಿಯ ಕುತ್ತಿಗೆಗೆ ಹಾಕಿ, ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು.

ಕಚೇರಿ ಪಕ್ಕದ ಜಿಲ್ಲೆಯಲ್ಲಿತ್ತು. ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿ ನೋಡಿದ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ. ಕಾಲಿಲ್ಲದವರು, ಆಮ್ಲಜನಕದ ಡಬ್ಬಿ ಎಳೆದುಕೊಂಡು ಬಂದವರು, ಅಳುವ ಮಗು ಹೊತ್ತವರು. ಹೆಚ್ಚಿನವರು ಶಿಸ್ತಾಗಿ ಉಟ್ಟು ಬಂದಿದ್ದರು. ಅವರು ವರ್ನೆಲ್‌ಳನ್ನು ನೋಡಿ ಬೇರೆ ಕಡೆ ನೋಡಿದರು. ಅವಳ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಎಲುಬು, ನಡುವೆ ಗುಳಿ, ಮೇಲೆ ಚರ್ಮ. ಮೊಜೆಲ್ ಟವಲಿನಿಂದ ಮುಚ್ಚಲು ಹೋದಳು. ವರ್ನೆಲ್ ಬೇಡ ಅನ್ನುವ ಹಾಗೆ ನೋಡಿದಳು.

ಕೂಗಿದಾಗ ಕಿಟಕಿಯ ಹತ್ತಿರ ಹೋದರು. ಗಾಜಿನ ಆಚೆ ಕೂತವಳು ತಲೆ ಎತ್ತುವ ಮೊದಲೇ ಬಾಯಿ ತೆರೆದಳು.

"ಹೇಗಿದ್ದೀರಿ ಇವತ್ತು, ಮಿಸ್ ವರ್ನೆಲ್?"

ಅದೇ ಸಕ್ಕರೆ. ವರ್ನೆಲ್ ಗುರುತು ಹಿಡಿದಳು. ಕೊರಳಲ್ಲಿ ಸಣ್ಣ ಶಿಲುಬೆ, ಬೆರಳಿನ ಉಗುರಿಗೆ ಕೆಂಪು. ತನ್ನದೇ ವಯಸ್ಸು.

"ದೇವರ ಕೃಪೆಯಲ್ಲಿದ್ದೀವಮ್ಮ," ಅಂದಳು ಮೊಜೆಲ್, ಬಾಯಿಪಾಠದ ಹಾಗೆ.

ವರ್ನೆಲ್ ಗಂಟಲಿನಿಂದ ಒಂದು ಶಬ್ದ ಹೊರಡಿಸಿದಳು. ಇಬ್ಬರೂ ಅವಳ ಕಡೆ ನೋಡಿದರು. ಅವಳು ಬಾಯಿ ತೆರೆದು ನಿಧಾನವಾಗಿ ಹೇಳಿದಳು.

"ಆಯ್ತಾ ಇದ್ದೀನಿ."

"ಏನಂತೆ?" ಅಂದಳು ಪೆಟಿಗ್ರೂ.

"ಸುಸ್ತಾಗಿದೆ ಅಂತಿದ್ದಾಳೆ," ಅಂದಳು ಮೊಜೆಲ್. ಅವಳಿಗೆ ಸರಿಯಾಗಿಯೇ ತಿಳಿದಿತ್ತು. ತಂಗಿಯ ಮುರಿದ ಮಾತು ತಿಳಿಯುತ್ತಿದ್ದುದು ಈ ಲೋಕದಲ್ಲಿ ಅವಳೊಬ್ಬಳಿಗೇ. "ದೂರದಿಂದ ಬಂದ್ವಲ್ಲ, ಅದಕ್ಕೆ."

ವರ್ನೆಲ್ ತಲೆ ಅಲ್ಲಾಡಿಸಿದಳು. ಅಕ್ಕನ ಮುಖ ನೋಡಲಿಲ್ಲ. ಗಾಜಿನ ಆಚೆ ಇದ್ದವಳನ್ನೇ ನೋಡಿದಳು.

"ಆಯ್ತಾ ಇದ್ದೀನಿ."

ಪೆಟಿಗ್ರೂ ಮುಖ ಅರಳಿತು. ತಿಳಿಯಿತು ಅಂದುಕೊಂಡಳು. "ಕಾಯ್ತಾ ಇದ್ದೀರಾ? ಗೊತ್ತು ಕಣಮ್ಮ. ಎಲ್ಲರೂ ಕಾಯ್ತಾ ಇದ್ದಾರೆ. ನೋಡಿ, ಹಿಂದೆ ಎಷ್ಟು ಜನ ಇದ್ದಾರೆ. ತಾಳ್ಮೆ ಬೇಕು."

ಆಗ ವರ್ನೆಲ್ ಒಳಗೆ ಏನೋ ಆಯಿತು. ಬಹಳ ದಿನದಿಂದ ಅಲ್ಲಿ ಏನೂ ಆಗಿರಲಿಲ್ಲ. ಸಿಟ್ಟು ಅಂತ ಅದಕ್ಕೆ ಹೆಸರು, ಅವಳಿಗೆ ಅದು ಮರೆತೇ ಹೋಗಿತ್ತು. ರಸೆಲ್ ಬಾಯಿ ಮೂಸಿದಾಗ ಬರಬೇಕಾಗಿದ್ದದ್ದು, ಲೋಟ ಕೊಟ್ಟಾಗ ಬರಬೇಕಾಗಿದ್ದದ್ದು, ಏಡ್ಸಾ ಅಂದಾಗ ಬರಬೇಕಾಗಿದ್ದದ್ದು ಈಗ ಬಂತು.

"ಕಾಯ್ತಾ ಇಅ," ಅಂದಳು. ಕಾಯ್ತಾ ಇಲ್ಲ. ಗಂಟಲಿನ ಅಕ್ಷರ ಇನ್ನೂ ಉಳಿದಿತ್ತು, ಕಕಾರ ಬಂತು. "ಕಾಯ್ತಾ ಇಅ. ಆಯ್ತಾ."

"ಏನು ಹೇಳ್ತಿದ್ದಾರೆ ಇವರು?" ಅಂತ ಪೆಟಿಗ್ರೂ ಮೊಜೆಲ್‌ಳನ್ನು ಕೇಳಿದಳು. ಮೊಜೆಲ್ ಬಾಯಿ ತೆರೆದಳು. ವರ್ನೆಲ್ ತಿರುಗಿ ಅಕ್ಕನನ್ನು ನೋಡಿದಳು. ನೀನು ಹೇಳಕೂಡದು ಅನ್ನುವ ನೋಟ. ಮೊಜೆಲ್ ಬಾಯಿ ಮುಚ್ಚಿದಳು.

"ಅವಳನ್ನೇ ಕೇಳಿ," ಅಂದಳು.

ವರ್ನೆಲ್ ಕತ್ತನ್ನು ಮುಂದಕ್ಕೆ ತಂದಳು. ನಾಲಿಗೆಯನ್ನು ಹಲ್ಲಿನ ಹತ್ತಿರಕ್ಕೆ ದೂಡಿದಳು. ಅದು ಒದ್ದೆ ಚಿಂದಿಯ ಹಾಗೆ ಬಿದ್ದುಕೊಂಡಿತ್ತು. ಮತ್ತೆ ದೂಡಿದಳು. ಎದೆಯಲ್ಲಿ ಇದ್ದ ಉಸಿರನ್ನೆಲ್ಲ ಆ ಒಂದು ಅಕ್ಷರಕ್ಕೆ ಸುರಿದಳು.

"ಸ್ಸ್ಸ್."

ಜೊಲ್ಲು ಗದ್ದಕ್ಕೆ ಇಳಿಯಿತು. ಮೊಜೆಲ್ ಒರೆಸಲಿಲ್ಲ.

"ಸ್ಸಾಯ್ತಾ ಇದ್ದೀನಿ."

ಪೆಟಿಗ್ರೂಳ ತುಟಿ ಅವಳಿಗೆ ತಿಳಿಯದೆಯೇ ಆ ಮಾತಿನ ಹಿಂದೆ ಹೋಯಿತು. "ಸಾಯ್ತಾ..." ಅಂದಳು. ನಿಲ್ಲಿಸಿದಳು. ವರ್ನೆಲ್ ಕಣ್ಣು ಕದಲಿಸಲಿಲ್ಲ. ಪೂರ್ತಿ ಹೇಳು ಅಂತ ಕಾದಳು.

"ಸಾಯ್ತಾ ಇದ್ದೀನಿ ಅಂತಿದ್ದೀರಾ," ಅಂದಳು ಪೆಟಿಗ್ರೂ.

ವರ್ನೆಲ್ ಕಣ್ಣು ಮುಚ್ಚಿ ತೆರೆದಳು. "ಬಇ," ಅಂದಳು. ಬರಿ. ಇದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಪೆಟಿಗ್ರೂ ಕೀಲಿಮಣೆಯ ಮೇಲೆ ಕೈ ಇಟ್ಟಳು. ಮನೆಯ ಗೋಡೆಯಿಂದ ಕಿತ್ತು ತಂದಿದ್ದ ಚೀಟಿಯನ್ನು ಮೊಜೆಲ್ ಕಿಟಕಿಯ ಸಂದಿನಲ್ಲಿ ತಳ್ಳಿದಳು. ಮೂರು ಅಕ್ಷರ. ಅದನ್ನು ಒತ್ತಿದ ಕೂಡಲೇ ಪರದೆಯ ಮೇಲೆ ಏನೋ ಬಂದಿರಬೇಕು. ಪೆಟಿಗ್ರೂ ಬೆನ್ನು ನೆಟ್ಟಗಾಯಿತು.

"ಅಯ್ಯೋ, ಇದು ಬೇಗದ ಸಾಲಿಂದು. ಮೊದಲೇ ಹೇಳಿದ್ದಿದ್ರೆ ಇಷ್ಟು ಹೊತ್ತಿಗೆ ನಿಮಗೆ..."

"ಹೇಳಿದ್ಲು," ಅಂದಳು ಮೊಜೆಲ್. "ನೀವು ಏಡ್ಸಾ ಅಂದ್ರಿ."

ಪೆಟಿಗ್ರೂ ತಲೆ ತಗ್ಗಿಸಿದಳು. ಒತ್ತುತ್ತಾ ಹೋದಳು. ಕೆಂಪು ಉಗುರುಗಳು ಕೀಲಿಗಳ ಮೇಲೆ ಓಡುತ್ತಿದ್ದವು. ವರ್ನೆಲ್‌ಗೆ ಅದನ್ನು ನೋಡಿ ಸಂತೋಷವೂ ಆಗಲಿಲ್ಲ, ಕನಿಕರವೂ ಬರಲಿಲ್ಲ. ಬೆರಳುಗಳು ಎಷ್ಟು ಸಲೀಸಾಗಿ ಆಡುತ್ತವೆ ಅಂತ ನೋಡುತ್ತಾ ಕೂತಳು.

ಹೊರಗೆ ಹೋಗುವಾಗ ಕಾವಲುಗಾರ ಬಾಗಿಲು ಹಿಡಿದು ದೇವರ ಕೃಪೆಯಿರಲಿ ಅಮ್ಮ ಅಂದ. ಅಕ್ಕತಂಗಿಯರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅವನು ಕೆಟ್ಟವನಲ್ಲ. ಆದರೂ ಕೊಡಲಿಲ್ಲ.

*

ಬೇಗದ ಸಾಲು ನಿಜವಾಗಿಯೂ ಬೇಗ ಓಡಿತು. ಅದೇ ಎಲ್ಲಕ್ಕಿಂತ ಹೊಟ್ಟೆ ಉರಿಸುವ ವಿಷಯ. ಕೆರೆಯಂಚಿನ ಮರಗಳು ಚಿಗುರಿ ಎಲೆ ಅಗಲವಾಗುವ ಮೊದಲೇ ಫೋನ್ ಬಂತು. ಇಷ್ಟು ಸುಲಭವಿತ್ತು. ಇಷ್ಟು ಸುಲಭದ್ದನ್ನು ಅವರು ಒಂದು ಚಳಿಗಾಲ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ವರ್ನೆಲ್ ಮಾತು ಪೂರ್ತಿ ನಿಂತಿತ್ತು. ಕಿಟಕಿಯ ಮುಂದೆ ಹೇಳಿದ್ದೇ ಬೇರೆಯವರಿಗೆ ತಿಳಿದ ಅವಳ ಕೊನೆಯ ಮಾತು. ಆಮೇಲೆ ಗಂಟಲಿನ ಅಕ್ಷರಗಳೂ ಹೋದವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಒರಗುಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಹೌದು, ತೆರೆದಿಟ್ಟರೆ ಇಲ್ಲ. ಮೊಜೆಲ್ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು.

ಮೊಜೆಲ್ ಫೋನಿನ ದನಿ ಜೋರಾಗಿಟ್ಟಳು. ಪೆಟಿಗ್ರೂ. ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು. ಮಂಜೂರಾಗಿದೆ ಅಂದಳು. ಕಾರ್ಡ್ ಅಂಚೆಯಲ್ಲಿ ಬರುತ್ತೆ, ಅದರ ನಂಬರು ಈಗಲೇ ಕೊಡ್ತೀನಿ, ಯಂತ್ರದವರಿಗೆ ಹೇಳಿ ಅಂದಳು. ಮೊಜೆಲ್ ನಂಬರು ಬರೆದುಕೊಂಡಳು. ತಪ್ಪಾಗದ ಹಾಗೆ ಮತ್ತೆ ಓದಿ ಹೇಳಿದಳು.

"ಮಿಸ್ ವರ್ನೆಲ್ ಹೇಗಿದ್ದಾರೆ?" ಅಂದಳು ಪೆಟಿಗ್ರೂ.

ಮೊಜೆಲ್ ಬಾಯಿ ತಾನಾಗಿ ತೆರೆಯಿತು. ವರ್ನೆಲ್‌ಗೆ ಕಾಣಿಸಿತು, ಅಕ್ಕನ ತುಟಿ ಆ ಹಳೆಯ ಮಾತಿಗೆ ಸಿದ್ಧವಾಗಿತ್ತು. ದೇವರ ಅನ್ನುವವರೆಗೆ ಬಂದು ನಿಂತಿತು. ಮೊಜೆಲ್ ತಂಗಿಯನ್ನು ನೋಡಿದಳು. ವರ್ನೆಲ್ ಕಣ್ಣು ತೆರೆದೇ ಇಟ್ಟಿದ್ದಳು.

ಮೊಜೆಲ್ ಎದ್ದು ಬಂದು ಫೋನನ್ನು ವರ್ನೆಲ್ ಬಾಯಿಯ ಹತ್ತಿರ ಹಿಡಿದಳು.

ಗಾಳಿ ಒಳಗೆ ಹೋಗುವಾಗ ಗಂಟಲಲ್ಲಿ ಗೊರಗುಟ್ಟಿತು. ಹೊರಗೆ ಬರುವಾಗ ಇನ್ನೂ ಸಣ್ಣಗಿತ್ತು. ನಡುವೆ ಏನೂ ಇರಲಿಲ್ಲ.

"ಹಲೋ? ಮಿಸ್ ವರ್ನೆಲ್? ಏನೂ ಕೇಳಿಸ್ತಾ ಇಲ್ಲ ಕಣಮ್ಮ."

"ಹೇಳ್ತಾ ಇದ್ದಾಳೆ," ಅಂದಳು ಮೊಜೆಲ್, ದೂರದಿಂದಲೇ. "ಕೇಳಿಸ್ಕೊಳ್ಳಿ."

ಪೆಟಿಗ್ರೂ ಮಾತಾಡಲಿಲ್ಲ. ಫೋನನ್ನೂ ಇಡಲಿಲ್ಲ. ವರ್ನೆಲ್ ಉಸಿರು ಬಿಟ್ಟಳು. ಮುಂದಿನ ಉಸಿರು ಬರುವವರೆಗೆ ಈಗ ಆ ಕಡೆಯವಳೂ ಕಾಯಬೇಕಾಯಿತು.